ಜಿರಿಸಾನ್: ಕೊಡಲಿಯಿಂದ ಪಾರಾಗಿ ಕಾಲ್ತುಳಿತಕ್ಕೆ ಸಿಕ್ಕ ಬೆಟ್ಟ

ದಕ್ಷಿಣ ಕೊರಿಯಾದ ಜಿರಿಸಾನ್ ಬೆಟ್ಟಸಾಲಿನ ಪಶ್ಚಿಮ ತುದಿಯಲ್ಲಿ, 1507 ಮೀಟರ್ ಎತ್ತರದಲ್ಲಿರುವ ನೋಗೋದಾನ್ ಶಿಖರಕ್ಕೆ ಹೋಗಬೇಕೆಂದರೆ ಮೊದಲೇ ಹೆಸರು ನೋಂದಾಯಿಸಬೇಕು. ಮರದ ಹಲಗೆಯ ಕಾಲುದಾರಿಯಿಂದ ಇಳಿದು ಅಕ್ಕಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುವಂತಿಲ್ಲ. ಈ ಕಟ್ಟುಪಾಡು ಎಲ್ಲಿಂದ ಬಂತೆಂದು ತಿಳಿಯಲು ಈ ಬೆಟ್ಟಸಾಲು ರಾಷ್ಟ್ರೀಯ ಉದ್ಯಾನವಾದ ಕಾಲದವರೆಗೆ ಹಿಂದಕ್ಕೆ ಹೋಗಬೇಕು.

ಕೊರಿಯಾ ಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಜಿರಿಸಾನ್ ಕಾಡು ಕಮ್ಯುನಿಸ್ಟ್ ಗೆರಿಲ್ಲಾಗಳ ಅಡಗುದಾಣವಾಗಿತ್ತು. ಗುಂಡಿನ ಸದ್ದು ನಿಂತ ಮೇಲೆ ಕಳ್ಳ ನಾಟಾದವರ ಕಾಟ ಶುರುವಾಯಿತು. ಬೆಟ್ಟ ಬೋಳಾಗುವುದನ್ನು ಕಣ್ಣಾರೆ ಕಂಡವರು ತಪ್ಪಲಿನ ಗುರ್ಯೆ ಜಿಲ್ಲೆಯ ಜನ. ಅಲ್ಲಿನ ಚಾರಣ ಸಂಘದವರು ಮುಂದೆ ನಿಂತು, ಊರವರಿಂದ ಹಣ ಕೂಡಿಸಿ, ಈ ಬೆಟ್ಟವನ್ನು ರಾಷ್ಟ್ರೀಯ ಉದ್ಯಾನವಾಗಿಸಬೇಕೆಂದು ಸರ್ಕಾರದ ಬೆನ್ನು ಬಿದ್ದರು. 1967ರಲ್ಲಿ ಉದ್ಯಾನ ಕಾನೂನು ಬಂತು. ಅದೇ ಡಿಸೆಂಬರ್ 29ರಂದು ಜಿರಿಸಾನ್ ಕೊರಿಯಾದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬಡ ಹಳ್ಳಿಗರು ಕೈಯಿಂದ ಹಣ ಹಾಕಿ ಕಾಡಿಗೆ ಕಾವಲು ಬೇಡಿದ ಈ ಸಂಗತಿಯೇ, ನನ್ನ ದೃಷ್ಟಿಯಲ್ಲಿ, ಇಡೀ ಚರಿತ್ರೆಯ ಅತ್ಯಂತ ಹಿರಿದಾದ ಭಾಗ.

ಕೊಡಲಿಯ ಭಯ ತಗ್ಗಿದಂತೆ ಕಾಲಿನ ಭಾರ ಹೆಚ್ಚಿತು. ನಗರಗಳು ಬೆಳೆದು ಕೈಯಲ್ಲಿ ಹಣವೂ ಬಿಡುವೂ ಸಿಕ್ಕ ಜನರಿಗೆ ಬೆಟ್ಟ ಹತ್ತುವುದೇ ಮೆಚ್ಚಿನ ವಾರಾಂತ್ಯವಾಯಿತು. ನೋಗೋದಾನ್‌ನಿಂದ 1915 ಮೀಟರ್ ಎತ್ತರದ ಚೊನ್ವಾಂಗ್‌ಬೊಂಗ್ ಶಿಖರದವರೆಗೆ ಬೆಟ್ಟದ ನೆತ್ತಿಯ ಮೇಲೆ ಸಾಗುವ ಸುಮಾರು 25 ಕಿಲೋಮೀಟರ್ ಏಣುದಾರಿಯನ್ನು ನಡೆದು ಮುಗಿಸುವುದು ಅನೇಕರ ಬಾಳಿನ ಹಂಬಲವಾಯಿತು. 1988ರಲ್ಲಿ ಸೊಂಗ್‌ಸಾಮ್‌ಜೆ ಕಣಿವೆದಾರಿಯವರೆಗೆ ಡಾಂಬರು ರಸ್ತೆ ತೆರೆದ ಮೇಲೆ, ಹಿಂದೆ ಗಂಟೆಗಟ್ಟಲೆ ಏರಬೇಕಿದ್ದ ನೋಗೋದಾನ್ ವಾಹನ ನಿಲ್ಲಿಸಿದಲ್ಲಿಂದ ಸುಮಾರು ಒಂದು ಗಂಟೆಯ ನಡಿಗೆಯಷ್ಟು ಹತ್ತಿರವಾಯಿತು. ಡೇರೆ ಹೂಡುವವರ, ಅಡುಗೆ ಮಾಡುವವರ ಕಾಲ್ತುಳಿತಕ್ಕೆ ಶಿಖರದ ಹುಲ್ಲುಗಾವಲು ಸವೆದು ಕೆಮ್ಮಣ್ಣು ಮೇಲೆದ್ದಿತು. ‘ನೋಗೋದಾನ್’ ಎಂದರೆ ಹಿರಿಯಜ್ಜಿಯ ಪೂಜಾಪೀಠ. ಬೆಟ್ಟದ ತಾಯಿಯನ್ನು ಪೂಜಿಸುತ್ತಿದ್ದ ನೆಲಕ್ಕೆ ಆ ಗತಿ ಬಂದದ್ದು ನೋವಿನ ಸಂಗತಿ. 1990ರ ದಶಕದಲ್ಲಿ ಅಲ್ಲಿಗೆ ಜನರ ಪ್ರವೇಶ ನಿಲ್ಲಿಸಿ, ಮಣ್ಣು ತುಂಬಿ, ಸ್ಥಳೀಯ ಹುಲ್ಲನ್ನೇ ಮತ್ತೆ ನಾಟಿಮಾಡಿದರು. ಇಂದಿನ ನೋಂದಣಿಯ ಮೂಲ ಇದು.

ಜನರನ್ನು ತಡೆಯುವ ನಿಯಮಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಉದ್ಯಾನಗಳ ಪ್ರವೇಶ ಶುಲ್ಕ 2007ರ ಜನವರಿಯಲ್ಲೇ ರದ್ದಾಯಿತು. ಆದರೆ ಉದ್ಯಾನದೊಳಗೆ ಜಮೀನುಳ್ಳ ಬೌದ್ಧ ದೇವಾಲಯಗಳು ಪರಂಪರೆ ರಕ್ಷಣೆಯ ಹೆಸರಿನ ಶುಲ್ಕವನ್ನು ಮುಂದುವರಿಸಿದವು. ಸೊಂಗ್‌ಸಾಮ್‌ಜೆ ರಸ್ತೆಯಲ್ಲಿ ಚೊನುನ್‌ಸಾ ದೇವಾಲಯವು, ತನ್ನ ಅಂಗಳಕ್ಕೆ ಕಾಲಿಡದೆ ಸಾಗುವವರಿಂದಲೂ 1,600 ವೊನ್ ಪಡೆಯುತ್ತಿದ್ದುದು ವರ್ಷಗಟ್ಟಲೆ ಜಗಳಕ್ಕೆ ಕಾರಣವಾಗಿತ್ತು. ರಸ್ತೆ ಹಾದುಹೋಗುವ ನೆಲ ದೇವಾಲಯದ್ದೆಂಬುದು ನಿಜವಾದರೂ, ನೋಡದ ಗುಡಿಗೆ ಹಣ ತೆರಬೇಕಾದ ಚಾರಣಿಗರ ಸಿಟ್ಟು ನ್ಯಾಯವಾದದ್ದೇ. 2019ರ ಏಪ್ರಿಲ್‌ನಲ್ಲಿ ಆ ವಸೂಲಿ ನಿಂತಿತು. 2023ರ ಮೇ ತಿಂಗಳಲ್ಲಿ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ ದೇಶದ ಬಹುಪಾಲು ದೇವಾಲಯಗಳು ಈ ಶುಲ್ಕವನ್ನು ಕೈಬಿಟ್ಟವು.

ಈ ನಡುವೆ ಕಾಡಿನ ಹಳೆಯ ನಿವಾಸಿಗಳೂ ಮರಳಿದ್ದಾರೆ. 2004ರಲ್ಲಿ ರಷ್ಯಾದ ಪೂರ್ವ ತುದಿಯಿಂದ ತಂದ ಆರು ಕರಡಿಮರಿಗಳನ್ನು ಜಿರಿಸಾನ್‌ನಲ್ಲಿ ಬಿಡಲಾಯಿತು. ಈಗ ಅವುಗಳ ಸಂತತಿ ಅಲ್ಲಿಯೇ ಹುಟ್ಟಿ ಬೆಳೆಯುತ್ತಿದೆ. ಗೊತ್ತುಪಡಿಸಿದ ದಾರಿ ಬಿಟ್ಟು ಕಾಡಿಗೆ ಇಳಿಯಬಾರದೆಂದು ಚಾರಣಿಗರನ್ನು ಎಚ್ಚರಿಸುವ ಫಲಕಗಳಲ್ಲಿ ಈಗ ಕರಡಿಯ ಚಿತ್ರವೂ ಇರುತ್ತದೆ.