ಸ್ಟಾಂಪಿನ ಮೇಲಿರುವ ಹಡಗು ಯಾವುದು?

ಪ್ರಶ್ನೆ: ನಮ್ಮ ಅಪ್ಪ ಕುವೈತ್‌ನಲ್ಲಿದ್ದಾಗ ಬರೆದ ಕಾಗದಗಳ ಸ್ಟಾಂಪುಗಳನ್ನು ಜೋಪಾನ ಮಾಡಿದ್ದೇನೆ. ಊರಿನ ಹಳೆಯ ಸ್ಟಾಂಪುಗಳೂ ಇವೆ. ಕೆಲವದರಲ್ಲಿ ಹಡಗಿನ ಚಿತ್ರ ಇದೆ, ಆದರೆ ಹೆಸರಿಲ್ಲ. ಅದು ಯಾವ ಹಡಗು ಎಂದು ತಿಳಿಯುವುದು ಹೇಗೆ? (ಉಪ್ಪಳದಿಂದ ಒಬ್ಬ ಓದುಗರು)

ಉತ್ತರ: ಹೆಸರು ಹುಡುಕುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಆ ಚಿತ್ರಕ್ಕೆ ಹೆಸರು ಅಂತ ಒಂದು ಇದೆಯಾ? ಎಷ್ಟೋ ಸ್ಟಾಂಪುಗಳಲ್ಲಿ ಇರುವುದು ಇಂಥದೇ ಹಡಗು ಅಂತಲ್ಲ, ಒಂದು ಜಾತಿಯ ಹಡಗು, ಅಷ್ಟೇ.

ಕುವೈತ್‌ನ ಸ್ಟಾಂಪುಗಳಲ್ಲಿ ಇದು ಜಾಸ್ತಿ. ಎರಡೂ ತುದಿ ಚೂಪಾಗಿರುವ, ಮುಂದಿನ ಮರ ನೇರವಾಗಿ ಮುಂದಕ್ಕೆ ಚಾಚಿಕೊಂಡಿರುವ ಹಾಯಿಹಡಗು ಕಂಡರೆ ಅದು 'ಬೂಮ್'. ಆ ದೇಶದ ಲಾಂಛನದಲ್ಲೇ ಅದು ಇದೆ. ಹಿಂಭಾಗ ಚಪ್ಪಟೆಯಾಗಿ, ಕೆತ್ತನೆ ಕೆಲಸ ತುಂಬಿದ್ದರೆ ಅದು 'ಬಗಲಾ'. ನಮ್ಮ ಬೇಪೂರಿನ ಮರದ ಹಡಗು 'ಉರು' ನೋಡಿದವರಿಗೆ ಇವು ಹೊಸದೇನಲ್ಲ. ಬೂಮ್ ಎಂದು ಗೊತ್ತಾದರೆ ಸಾಕು, ಅಲ್ಲಿಗೆ ಹುಡುಕಾಟ ಮುಗಿಯಿತು.

ಆದರೆ ಹಾಯಿಹಡಗು ಅಂದ ಕೂಡಲೇ ಹೆಸರಿಲ್ಲ ಎಂದುಕೊಳ್ಳಲೂ ಬೇಡಿ. ಒಮಾನ್ 1981ರಲ್ಲಿ ತಂದ ಸಿಂದಬಾದನ ಯಾನದ ಸ್ಟಾಂಪುಗಳಲ್ಲಿರುವುದು ಸೊಹಾರ್ ಎಂಬ ನಿಜವಾದ ಹಡಗು. ಅದನ್ನು ಒಮಾನಿನ ಸೂರ್‌ನಲ್ಲಿ ಕಟ್ಟಿದ್ದು. ಹಲಗೆ ಹೋದದ್ದು ಮಲಬಾರಿನಿಂದ, ನಮ್ಮ ತೋಟಗಳ ಬದಿಯಲ್ಲೂ ಬೆಳೆಯುವ ಹೆಬ್ಬಲಸಿನ ಮರದ್ದು. ಮೊಳೆ ಇಲ್ಲದೆ ತೆಂಗಿನ ಹುರಿಹಗ್ಗದಿಂದ ಹೊಲಿದ ಈ ಹಡಗು 1980ರ ಕೊನೆಗೆ ಮಸ್ಕತ್ ಬಿಟ್ಟು, ಕೋಝಿಕ್ಕೋಡಿಗೂ ಬಂದು, ಮರುವರ್ಷ ಚೀನಾ ಮುಟ್ಟಿತು.

ಬರೀ ಅಚ್ಚಿನವರ ಅನುಕೂಲಕ್ಕೆ ಬಂದ ಹಡಗುಗಳೂ ಇವೆ. ಜಗತ್ತಿನ ಅತಿ ದುಬಾರಿ ಸ್ಟಾಂಪುಗಳಲ್ಲಿ ಒಂದಾದ, 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಸ್ಟಾಂಪನ್ನೇ ನೋಡಿ. ಇಂಗ್ಲೆಂಡಿನಿಂದ ಸ್ಟಾಂಪು ಬರುವುದು ತಡವಾಯಿತು. ಊರಿನ ಪತ್ರಿಕೆಯ ಅಚ್ಚುಕೂಟದಲ್ಲೇ ತುರ್ತಿಗೆ ಮಾಡಿಸಿದರು. ಅಲ್ಲಿದ್ದ ಒಂದು ಹಡಗಿನ ಅಚ್ಚನ್ನು ನಡುವೆ ಕೂರಿಸಿದರು. ಅದರ ಹೆಸರು ಹುಡುಕಿ ಪ್ರಯೋಜನವಿಲ್ಲ. ಕೊಲಂಬಸನ ಸಾಂತಾ ಮರಿಯಾ ಇದ್ದದ್ದು ನಿಜ, ಆದರೆ ಅವನ ಕಾಲದಲ್ಲಿ ಅದರ ಚಿತ್ರ ಬರೆದಿಟ್ಟವರಿಲ್ಲ. ಸ್ಟಾಂಪಿನಲ್ಲಿ ಕಾಣುವುದೆಲ್ಲ ಕಲಾವಿದರ ಊಹೆ. ಸೇಂಟ್ ಕಿಟ್ಸ್-ನೆವಿಸ್‌ನ 1903ರ ಸ್ಟಾಂಪಿನಲ್ಲಂತೂ ಕೊಲಂಬಸ್ ದೂರದರ್ಶಕ ಹಿಡಿದು ನಿಂತಿದ್ದಾನೆ. ದೂರದರ್ಶಕ ಬಂದದ್ದೇ ಅವನು ಸತ್ತು ನೂರು ವರ್ಷ ಆದ ಮೇಲೆ! ಅಂದ ಮೇಲೆ ಸ್ಟಾಂಪಿನ ಚಿತ್ರವನ್ನು ಸಾಕ್ಷಿ ಎಂದು ಪೂರ್ತಿ ನಂಬಬಾರದು, ಅಲ್ವಾ?

ಇನ್ನು ನಿಜವಾದ ಹಡಗೇ ಇರಬೇಕು ಅನಿಸಿದರೆ, ಹಡಗನ್ನು ಬಿಟ್ಟು ಸ್ಟಾಂಪಿನಿಂದ ಶುರು ಮಾಡಿ. ದೇಶ, ಬೆಲೆ, ವರ್ಷ ಹಿಡಿದು ಸ್ಟ್ಯಾನ್ಲಿ ಗಿಬ್ಬನ್ಸ್ ಅಥವಾ ಮಿಶೆಲ್ ಕ್ಯಾಟಲಾಗಿನಲ್ಲಿ ನೋಡಿ. ಹಲವು ಸಲ ಹೆಸರು ಅಲ್ಲೇ ಸಿಗುತ್ತದೆ. ಭಾರತದ ಸ್ಟಾಂಪಾದರೆ ಬಿಡುಗಡೆಯ ದಿನ ಅಂಚೆ ಇಲಾಖೆ ಕೊಡುವ ಮಾಹಿತಿ ಪತ್ರ ಹುಡುಕಿ.

ಬಿಡುಗಡೆಯ ಸಂದರ್ಭ ನೋಡಿ ಹಡಗನ್ನು ಊಹಿಸಬೇಡಿ. ರಾಷ್ಟ್ರೀಯ ನೌಕಾಯಾನ ದಿನ ಏಪ್ರಿಲ್ 5. ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು 1919ರ ಆ ದಿನ ಮುಂಬಯಿಯಿಂದ ಲಂಡನ್ನಿಗೆ ಹೊರಟ ನೆನಪಿಗೆ. ಆದರೆ ಈ ದಿನಕ್ಕೆಂದು 1965ರಲ್ಲಿ ಬಂದ ಸ್ಟಾಂಪಿನಲ್ಲಿರುವುದು ಲಾಯಲ್ಟಿ ಅಲ್ಲ, 'ಜಲ ಉಷಾ'. ಅದು ವಿಶಾಖಪಟ್ಟಣದಲ್ಲಿ ಕಟ್ಟಿ, 1948ರಲ್ಲಿ ನೆಹರು ನೀರಿಗಿಳಿಸಿದ ಹಡಗು.

ಆಮೇಲೆ ಭೂತಕನ್ನಡಿ. ಹೊಗೆಕೊಳವೆ ಎಷ್ಟು, ಹಾಯಿಕಂಬ ಎಷ್ಟು, ಕೊಳವೆಯ ಮೇಲೆ ಪಟ್ಟಿ ಏನಾದರೂ ಇದೆಯಾ ನೋಡಿ. ಕಪ್ಪು ಕೊಳವೆಗೆ ಎರಡು ಬಿಳಿ ಪಟ್ಟಿ ಇದ್ದರೆ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯದು ಇರಬಹುದು. ಒಂದೇ ಬಣ್ಣದ ಹಳೆಯ ಸ್ಟಾಂಪುಗಳಲ್ಲಿ ಬಣ್ಣದ ಲೆಕ್ಕ ಬಿಟ್ಟುಬಿಡಿ. ಅವಳಿ ಹಡಗುಗಳಾದರೆ ಕಣ್ಣಿನಿಂದ ತೀರ್ಮಾನ ಆಗುವುದೇ ಇಲ್ಲ. ಅಮೆರಿಕದ 1901ರ ಹತ್ತು ಸೆಂಟಿನ ಸ್ಟಾಂಪಿನ 'ಸೇಂಟ್ ಪಾಲ್'ಗೆ 'ಸೇಂಟ್ ಲೂಯಿಸ್' ಎಂಬ ಜೋಡಿ ಇತ್ತು.

ಹೆಸರು ಸಿಕ್ಕಿದರೂ ಕೆಲಸ ಬಾಕಿ ಇರುತ್ತದೆ. ಹಡಗು ಮಾರಾಟವಾದಾಗ ಹೆಸರು ಬದಲಾಗುತ್ತದೆ. ಕೆನಡಾ 2014ರಲ್ಲಿ ಸ್ಟಾಂಪು ತಂದ ಕೊಮಗಾಟ ಮಾರು, 1890ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದಾಗ 'ಸ್ಟುಬೆನ್‌ಹುಕ್' ಆಗಿತ್ತು, ನಂತರ 'ಸಿಸಿಲಿಯಾ', ಕೊನೆಗೆ 'ಹೆಯಾನ್ ಮಾರು'. ಇಂಥ ಕಥೆಗೆ ಹಡಗುಗಳ ವಿವರ ಪಟ್ಟಿಮಾಡುವ ಲಾಯ್ಡ್ಸ್ ರಿಜಿಸ್ಟರ್ ನೋಡಬೇಕು. ಹಳೆಯ ಸಂಪುಟಗಳು ಇಂಟರ್‌ನೆಟ್ಟಿನಲ್ಲಿ ಸುಮ್ನೆ ಸಿಗುತ್ತವೆ. ಈಚಿನ ಹಡಗಾದರೆ ಪ್ರತಿ ಹಡಗಿಗೂ ಕೊಡುವ ಏಳು ಅಂಕಿಯ ಐಎಂಒ (ಅಂತಾರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್ ಹಿಡಿಯಿರಿ. ಹೆಸರು, ಬಾವುಟ, ಮಾಲೀಕ ಬದಲಾದರೂ ಅದು ಬದಲಾಗುವುದಿಲ್ಲ.

ನಿಮಗೆ ಇನ್ನೊಂದು ಅನುಕೂಲ ಇದೆ. ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಹಡಗಿನಲ್ಲಿ ದುಡಿದವರು ಬಹಳ ಮಂದಿ. ಅವರ ಸಿಡಿಸಿ ಪುಸ್ತಕದಲ್ಲಿ (ನಾವಿಕರ ಸೇವಾ ದಾಖಲೆ) ಕೆಲಸ ಮಾಡಿದ ಹಡಗಿನ ಹೆಸರು, ನಂಬರ್, ಬಂದರು ಎಲ್ಲ ಬರೆದಿರುತ್ತದೆ. ಚಿತ್ರ ತೋರಿಸಿ ಕೇಳಿ. ಸರಕು ಹಡಗೋ ಎಣ್ಣೆ ಹಡಗೋ ಎಂದು ಅವರು ಡೆಕ್ಕಿನ ಕ್ರೇನ್ ನೋಡಿಯೇ ಹೇಳಿಬಿಡುತ್ತಾರೆ.

ಕವರಿಗೇ ಅಂಟಿಕೊಂಡಿರುವ ಸ್ಟಾಂಪು ಉಳಿದಿದ್ದರೆ ನೀರಿಗೆ ಹಾಕಿ ಬಿಡಿಸಬೇಡಿ. ಅಂಚೆ ಮುದ್ರೆಯ ತಾರೀಖು ಇದ್ದರೆ, ಆ ಸ್ಟಾಂಪು ಅದಕ್ಕಿಂತ ಈಚಿನದಲ್ಲ ಎಂದು ಗೊತ್ತಾಗುತ್ತದೆ. ಕ್ಯಾಟಲಾಗಿನಲ್ಲಿ ಅರ್ಧ ಪುಟಗಳನ್ನು ಬಿಟ್ಟು ಹುಡುಕಬಹುದು.