ಮೈಯೆಲ್ಲ ನೋವು, ರಿಪೋರ್ಟ್ ಮಾತ್ರ ನಾರ್ಮಲ್: ಇದು ಖಿನ್ನತೆಯೇ?

ಪ್ರಶ್ನೆ: ನಾನು 42 ವರ್ಷದ ಮಹಿಳೆ. ವರ್ಷದಿಂದ ಮೈಕೈ ನೋವು, ತಲೆಭಾರ, ಹೊಟ್ಟೆ ಉಬ್ಬರ, ಸುಸ್ತು. ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲವೂ ಸರಿ ಇವೆ. ಈಗ ವೈದ್ಯರು ಖಿನ್ನತೆ ಇರಬಹುದು ಎನ್ನುತ್ತಾರೆ. ನನಗೇನೂ ಅಳು ಬರುವುದಿಲ್ಲ, ಮನೆಯಲ್ಲಿ ಅಂಥ ತೊಂದರೆಯೂ ಇಲ್ಲ. ಮನಸ್ಸಿನ ಕಾಯಿಲೆಗೆ ಮೈ ನೋಯುವುದು ಹೇಗೆ?

ಉತ್ತರ: ನಿಮ್ಮ ನೋವು ನಿಜವಾದದ್ದೇ. ಪರೀಕ್ಷೆಗಳು ಸರಿ ಬಂದವೆಂದರೆ ಆ ಪರೀಕ್ಷೆಗಳು ಹುಡುಕುವ ಕಾಯಿಲೆಗಳು ಇಲ್ಲವೆಂದಷ್ಟೇ ಅರ್ಥ. ನಿಮಗೆ ಏನೂ ಆಗಿಲ್ಲ ಎಂದಲ್ಲ. ಖಿನ್ನತೆ ಇದ್ದವರು ಅಳುತ್ತಲೇ ಇರುತ್ತಾರೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಕಲ್ಪನೆ. ವಿಶ್ವ ಆರೋಗ್ಯ ಸಂಸ್ಥೆಯು 14 ದೇಶಗಳ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಬೆಂಗಳೂರು ಕೂಡ ಒಂದು ಕೇಂದ್ರವಾಗಿತ್ತು. 1999ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯ ಪ್ರಕಾರ, ಖಿನ್ನತೆಯಿದ್ದ 1,146 ಮಂದಿಯಲ್ಲಿ ಶೇ 69ರಷ್ಟು ಜನ ವೈದ್ಯರಲ್ಲಿ ಹೇಳಿಕೊಂಡದ್ದು ದೇಹದ ತೊಂದರೆಗಳನ್ನು ಮಾತ್ರ. ಆದರೆ ಮನಸ್ಸಿನ ಬಗ್ಗೆ ನೇರವಾಗಿ ಕೇಳಿದಾಗ ಅದನ್ನೂ ಅಲ್ಲಗಳೆದವರು ಶೇ 11 ಮಾತ್ರ. ಎಂದರೆ, ಹೆಚ್ಚಿನವರು ಕೇಳಿದರೆ ಹೇಳುತ್ತಾರೆ, ಕೇಳುವವರು ಕಡಿಮೆ.

ಮೈಯಿಂದ ಮಿದುಳಿಗೆ ಬೆನ್ನುಹುರಿಯ ಮೂಲಕ ದಿನವಿಡೀ ಸಂವೇದನೆಗಳು ಹೋಗುತ್ತಲೇ ಇರುತ್ತವೆ. ಅವೆಲ್ಲವೂ ನೋವಾಗಿ ಕಾಡದಂತೆ, ಮಿದುಳಿನ ಬುಡದಿಂದ ಕೆಳಗಿಳಿಯುವ ಕೆಲವು ನರಮಾರ್ಗಗಳು ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ನೆರವಿನಿಂದ ಅವನ್ನು ತಗ್ಗಿಸುತ್ತವೆ. ಮನಸ್ಥಿತಿ, ನಿದ್ರೆ, ಹಸಿವುಗಳಲ್ಲಿಯೂ ಇವೇ ರಾಸಾಯನಿಕಗಳಿಗೆ ಪಾತ್ರವಿದೆ. ಖಿನ್ನತೆಯಲ್ಲಿ ಈ ತಡೆ ಸಡಿಲವಾದಾಗ, ಮೊದಲು ಗಮನಕ್ಕೂ ಬಾರದಿದ್ದ ಸೊಂಟದ ಸೆಳೆತ ಸಹಿಸಲಾಗದ ನೋವಾಗುತ್ತದೆ. ನಿದ್ದೆಗೆಟ್ಟರೆ ನೋವು ತಾಳುವ ಶಕ್ತಿ ಇನ್ನಷ್ಟು ಕುಗ್ಗುತ್ತದೆ, ನೋವು ಹೆಚ್ಚಿದಷ್ಟೂ ನಿದ್ದೆ ದೂರವಾಗುತ್ತದೆ.

ಖಿನ್ನತೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಹೆರಿಗೆಯ ನಂತರದ ತಿಂಗಳುಗಳು ಮತ್ತು ಮುಟ್ಟು ನಿಲ್ಲುವ ಮುಂಚಿನ ವರ್ಷಗಳು, ಎಂದರೆ ನಿಮ್ಮ ಈಗಿನ ವಯಸ್ಸು, ಹೆಚ್ಚು ಎಚ್ಚರ ಬೇಕಾದ ಕಾಲ. ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ನೆರೆಯ ಗೋವಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಬಿಳಿ ಸೆರಗು ಹೋಗುತ್ತದೆ ಎಂದು ದೂರುವ ಮಹಿಳೆಯರಲ್ಲಿ ಆ ದೂರಿಗೆ ಸೋಂಕಿಗಿಂತಲೂ ಖಿನ್ನತೆ, ಆತಂಕ, ಸಂಸಾರದ ಕಷ್ಟಗಳ ನಂಟೇ ಬಲವಾಗಿರುವುದು ಅಲ್ಲಿ ಕಂಡುಬಂತು. ಇಂಥವರಿಗೆ ಪರೀಕ್ಷೆಯಿಲ್ಲದೆ ಆ್ಯಂಟಿಬಯಾಟಿಕ್ ಬರೆದುಕೊಟ್ಟು ಕಳಿಸಿದರೆ ಗುಣವಾಗುವುದೆಂತು? ಸುಸ್ತು ಎಂದವರಿಗೆ ಗ್ಲೂಕೋಸ್ ಡ್ರಿಪ್ ಏರಿಸುವುದೂ ಇದೇ ಸಾಲಿನದು.

ಹಾಗೆಂದು ಪ್ರತಿ ನೋವಿಗೂ ಖಿನ್ನತೆಯ ಹೆಸರಿಡುವುದೂ ಸರಿಯಲ್ಲ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಬಿ12, ಸಕ್ಕರೆ ಇಷ್ಟನ್ನು ನಿಮ್ಮ ರಿಪೋರ್ಟಿನಲ್ಲಿ ನೋಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ಕೀಲು ಊತ, ನಡೆದಾಗ ಹೆಚ್ಚುವ ಎದೆನೋವು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ, ಖಿನ್ನತೆ ಇದೆಯೆಂದು ಗೊತ್ತಾಗಿದ್ದರೂ, ಪ್ರತ್ಯೇಕ ತಪಾಸಣೆ ಆಗಲೇಬೇಕು.

ಇನ್ನು ನೀವೇ ಗಮನಿಸಬೇಕಾದದ್ದು. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ, ಹಾಲಿನವರು ಬರುವವರೆಗೂ ಕಣ್ಣುಬಿಟ್ಟುಕೊಂಡೇ ಮಲಗಿರುತ್ತೀರಾ? ಬೆಳಿಗ್ಗೆ ರೊಟ್ಟಿ ತಟ್ಟಲಾರದಷ್ಟು ಭಾರವಾದ ಕೈ ಸಂಜೆಯ ವೇಳೆಗೆ ತುಸು ಹಗುರವೆನಿಸುತ್ತದೆಯೇ? ಇಷ್ಟದ ಧಾರಾವಾಹಿ, ನೆಂಟರ ಮನೆಯ ಮದುವೆ, ಮಗಳ ಫೋನು, ಯಾವುದರಲ್ಲಿಯೂ ರುಚಿ ಉಳಿದಿಲ್ಲವೇ? ಇಂಥ ಸ್ಥಿತಿ ಎರಡು ವಾರ ಮೀರಿ ಹೆಚ್ಚುಕಡಿಮೆ ದಿನವೂ ಇದ್ದರೆ ವೈದ್ಯರ ಅನುಮಾನಕ್ಕೆ ಆಧಾರವಿದೆ. ಅಳು ಬರಲೇಬೇಕೆಂದಿಲ್ಲ; ಮನೆಯಲ್ಲಿ ತೊಂದರೆ ಇರಲೇಬೇಕೆಂದೂ ಇಲ್ಲ.

ಲಕ್ಷಣಗಳು ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ತೀವ್ರವಾಗಿದ್ದರೆ ಔಷಧ ಬೇಕು, ಮತ್ತು ಅದರ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರ ವಾಕರಿಕೆ, ತಲೆನೋವು ಬರುವುದರಿಂದ ಎಷ್ಟೋ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಈ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ನೋವೇ ಮುಖ್ಯವಾಗಿರುವವರಿಗೆ ಡುಲಾಕ್ಸೆಟಿನ್‌ನಂಥ, ಖಿನ್ನತೆ ಮತ್ತು ನೋವು ಎರಡಕ್ಕೂ ಕೆಲಸ ಮಾಡುವ ಔಷಧಗಳಿವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ದಿನವೂ ನೋವಿನ ಮಾತ್ರೆ ನುಂಗುವುದರಿಂದ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆಯೇ ಹೊರತು ಕಾಯಿಲೆ ಹೋಗದು.

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ಬರುತ್ತಾರೆಂದು ವಿಚಾರಿಸಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕೇ ಸಾಕು ಎಂಬ ಯೋಚನೆ ಒಮ್ಮೆ ಸುಳಿದರೂ ಮಂಗಳವಾರಕ್ಕೆ ಕಾಯಬೇಡಿ; ಅಂದೇ ಆ ಸಂಖ್ಯೆಗೆ ಕರೆ ಮಾಡಿ, ಮನೆಯವರೊಬ್ಬರಿಗೆ ತಿಳಿಸಿ, ಅವರೊಂದಿಗೆ ಹತ್ತಿರದ ಆಸ್ಪತ್ರೆಗೆ ಹೋಗಿ.