ಹಿಮನದಿಯಲ್ಲಿ ನದಿ ಇಲ್ಲ

ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಗೆ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತೇನೆ. ಉರುಟು ಕಲ್ಲೊಂದನ್ನು ಕೈಗಿಟ್ಟು, ಇದನ್ನು ತಂದದ್ದು ಯಾರು ಎಂದರೆ ನದಿ ಎನ್ನುತ್ತಾರೆ. ಸರಿ. ಹಿಮನದಿ ತಂದ ಕಲ್ಲು ಹೇಗಿರುತ್ತದೆ? "ಇನ್ನೂ ನುಣುಪಾಗಿರುತ್ತದೆ ಸರ್" ಎಂಬ ಉತ್ತರ ಬಾರದ ವರ್ಷವಿಲ್ಲ. ತಪ್ಪು ಅವರದಲ್ಲ, ನಮ್ಮ ಪಠ್ಯದ ಪದದ್ದು. ಹೆಸರಿನಲ್ಲಿ ನದಿ ಇದ್ದರೂ ಅಲ್ಲಿ ಸರಿಯುವುದು ಗಟ್ಟಿ ಮಂಜುಗಡ್ಡೆ.

ನೀರು ಕಲ್ಲುಗಳನ್ನು ಉರುಳಿಸಿ ಮೂಲೆ ಸವೆಸುತ್ತದೆ, ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುತ್ತದೆ. ಕಣದಲ್ಲಿ ಜೋಳ ತೂರಿದ ಹಾಗೆ, ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಮಂಜುಗಡ್ಡೆಗೆ ತೂರಲು ಬಾರದು. ಎತ್ತಿನಷ್ಟು ದೊಡ್ಡ ಬಂಡೆ, ಮುಷ್ಟಿಯಷ್ಟು ಚೂರು, ಹಿಟ್ಟಿನಂಥ ಮಣ್ಣು ಎಲ್ಲವನ್ನೂ ಹೊತ್ತು ತಂದು, ಕರಗಿದಲ್ಲಿ ಒಟ್ಟಿಬಿಡುತ್ತದೆ. ಆ ರಾಶಿಯೇ ಮೊರೇನ್. ಅದರ ಕಲ್ಲುಗಳಲ್ಲಿ ಅಂಚು ಉಳಿದಿರುತ್ತದೆ; ತಳಕ್ಕೆ ಸಿಕ್ಕವುಗಳ ಮೈಮೇಲೆ ಗೀರುಗಳಿರುತ್ತವೆ.

ತೂರದ ರಾಶಿ, ತೂರಿದ ರಾಶಿ ಎರಡೂ ಒಂದೇ ಗುಡ್ಡದಲ್ಲಿ ಸಿಗುವುದು ಸ್ವೀಡನ್ನಿನ 'ಹೈ ಕೋಸ್ಟ್'ನಲ್ಲಿ. ಪಟ್ಟದಕಲ್ಲಿನಂತೆ ಅದೂ ವಿಶ್ವ ಪರಂಪರೆಯ ತಾಣ. ಅಲ್ಲಿನ ಕೆಲವು ಗುಡ್ಡಗಳ ನೆತ್ತಿಗೆ ಮಾತ್ರ ಟೊಪ್ಪಿಗೆಯಂತೆ ಕಾಡು, ಅದರ ಕೆಳಗೆ ಬೋಳು ಬಂಡೆ. ಗಡಿ ಇರುವುದು ಈಗಿನ ಸಮುದ್ರಮಟ್ಟದಿಂದ ಸುಮಾರು 286 ಮೀಟರ್ ಮೇಲೆ, ಅಂದರೆ ಐದೂವರೆ ಗೋಕಾಕ ಜಲಪಾತದಷ್ಟು ಎತ್ತರದಲ್ಲಿ. ಹಿಮಯುಗದಲ್ಲಿ ಆ ನೆಲವನ್ನು ಮುಚ್ಚಿದ್ದ ಮಂಜು ಕರಗಿದ ಹೊಸತರಲ್ಲಿ ಅಲೆಗಳು ಅಲ್ಲಿಯವರೆಗೂ ಬಡಿಯುತ್ತಿದ್ದವು. ನೆತ್ತಿ ನಡುಗಡ್ಡೆಯಾಗಿದ್ದುದರಿಂದ ಅದರ ಮೊರೇನ್ ಮಣ್ಣು ಉಳಿಯಿತು, ಮರ ಬೆಳೆಯಿತು. ಕೆಳಗಿನದನ್ನು ಅಲೆ ತೊಳೆಯಿತು. ಕಲ್ಲುಗಳನ್ನು ಉರುಟಾಗಿಸಿ ಅಲ್ಲಲ್ಲಿ ಪಟ್ಟಿಪಟ್ಟಿಯಾಗಿ ಬಿಟ್ಟುಹೋಯಿತು. ಮೇಲೆದ್ದ ಕಡಲತೀರ ಎನ್ನುವುದು ಇದನ್ನೇ.

ಇದು ಸಮುದ್ರ ಇಳಿದ ಕತೆಯಲ್ಲ. ಮಂಜು ಕರಗಿ ಕಡಲೂ ಏರುತ್ತಿತ್ತು, ನೆಲ ಅದಕ್ಕಿಂತ ಬೇಗ ಎದ್ದಿತು. ಸುಮಾರು 3 ಕಿಲೋಮೀಟರ್ ದಪ್ಪದ ಮಂಜಿನಡಿ ಕುಸಿದಿದ್ದ ನೆಲ, ಮಲಗಿದವರು ಎದ್ದುಹೋದ ಗಾದಿಯಂತೆ ಇಂದಿಗೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಉಬ್ಬುತ್ತಿದೆ.

ಬಾದಾಮಿಯ ಮರಳುಗಲ್ಲಿನ ಮೇಲೂ ಅಲೆಯ ಗುರುತುಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಅದು ಕೋಟ್ಯಂತರ ವರ್ಷಗಳ ಹಿಂದೆಯೇ ಕಲ್ಲಾದ ಮರಳು. ಈ ಹಿಮಯುಗದ ಲೆಕ್ಕಕ್ಕೆ ಬರುವುದಿಲ್ಲ.

ಕಳೆದ ವರ್ಷ ಹುಡುಗನೊಬ್ಬ ತನ್ನ ಹೊಲದಿಂದ ಗೀರು ಬಿದ್ದ ಕಲ್ಲು ತಂದು, "ಹಿಮನದಿ ಸರ್" ಎಂದ. ಕಲ್ಲಿನ ಮೈ ಹಳತಾಗಿ ಕಂದಿತ್ತು, ಗೀರುಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಹೊಲಕ್ಕೆ ಯಾವಾಗ ರಂಟೆ ಹೊಡೆಸಿದಿರಿ ಎಂದೆ. ಹೋದ ವಾರ ಎಂದ.